ಸೊಗಡಿಲ್ಲದ ಮಾಗಿ

ಹವಾಮಾನ ಬದಲಾವಣೆ ಎನ್ನುವುದು ನನ್ನ ಪಾಲಿಗೆ ಬಹಳ ಕಾಲ ಎರಡು ಅಂಕದ ಪ್ರಶ್ನೆಯಾಗಿತ್ತು. ಅದಕ್ಕಿಂತ ಹೆಚ್ಚಿನ ಮರ್ಯಾದೆಯನ್ನು ನಾನು ಅದಕ್ಕೆ ಕೊಟ್ಟವನಲ್ಲ. ಮದ್ದೂರಿನ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವ ಮೇಷ್ಟ್ರು ನಾನು. ವರ್ಷಕ್ಕೊಮ್ಮೆ ಆ ಪಾಠ ಬರುತ್ತಿತ್ತು, ಹೋಗುತ್ತಿತ್ತು. 'ಭೂಮಿ ಬಿಸಿಯಾಗಲು ಯಾವುದಾದರೂ ನಾಲ್ಕು ಕಾರಣ ಬರೆಯಿರಿ' ಎಂದು ಕೇಳುತ್ತಿದ್ದೆ. ಒಂದೊಂದು ಕಾರಣಕ್ಕೆ ಅರ್ಧ ಅಂಕ. ಮಕ್ಕಳು ಕಾಡು ಕಡಿಯುವುದು, ಕಾರ್ಖಾನೆಯ ಹೊಗೆ, ವಾಹನದ ಹೊಗೆ ಎಂದು ಮೂರು ಬರೆದು ನಾಲ್ಕನೆಯದಕ್ಕೆ ಪೆನ್ನು ಕಚ್ಚುತ್ತಾ ಕೂರುತ್ತಿದ್ದರು. ಒಬ್ಬಳು ನಾಲ್ಕನೆಯ ಕಾರಣ 'ಬಿಸಿಲು' ಎಂದು ಬರೆದಿದ್ದಳು. ಅವಳಿಗೂ ಅರ್ಧ ಅಂಕ ಕೊಟ್ಟೆ. ಆ ಮಗು ಹೇಳಿದ್ದರಲ್ಲಿ ಸುಳ್ಳೇನಿತ್ತು? ಪಾಠ ಮುಗಿಸಿ, ಕೈಗೆ ಮೆತ್ತಿದ ಸೀಮೆಸುಣ್ಣ ಕೊಡವಿಕೊಂಡು ಹೊರಗೆ ಬಂದರೆ ಭೂಮಿಯ ಚಿಂತೆಯೂ ಅದರ ಜೊತೆಗೇ ಉದುರಿಹೋಗುತ್ತಿತ್ತು.

ನನ್ನದೊಂದು ಸಿದ್ಧಾಂತವಿದೆ. ಮನುಷ್ಯ ಲೋಕದ ಕಷ್ಟವನ್ನು ನಂಬುವುದು ಅದು ತನ್ನ ಹೊಸಿಲು ದಾಟಿ ಒಳಗೆ ಬಂದು ಕೂತ ಮೇಲೆಯೇ. ಅದೂ ಎಷ್ಟು ಬಂದು ಕೂತಿದೆಯೋ ಅಷ್ಟನ್ನು ಮಾತ್ರ ನಂಬುತ್ತಾನೆ, ಒಂದು ಚೂರೂ ಹೆಚ್ಚಿಲ್ಲ. ನಮ್ಮ ಶಾಲೆಯ ಗಣಿತದ ಜಬೀನಾ ಮೇಡಂ ಅವರನ್ನೇ ನೋಡಿ. ಅವರ ಯಜಮಾನರು ಬೈಕ್ ಮೆಕ್ಯಾನಿಕ್. ಮನೆಯೂ ವರ್ಕ್‌ಶಾಪೂ ಕೆರೆಯ ಕೆಳಗಿನ ಬೀದಿಯಲ್ಲಿ ಒಂದೇ ಗೋಡೆ ಹಂಚಿಕೊಂಡಿವೆ. ಕೆಲವು ವರ್ಷದ ಹಿಂದೆ ಒಂದು ಮಳೆ ಸುರಿದು, ಕೆರೆ ಕೋಡಿ ಬಿದ್ದು, ನೀರು ಕೇಳದೆ ಹೇಳದೆ ಅವರ ಅಡುಗೆಮನೆಗೆ ನುಗ್ಗಿತು. ರಿಪೇರಿಗೆ ಬಂದಿದ್ದ ಬೈಕುಗಳೆಲ್ಲ ಸೀಟಿನವರೆಗೆ ಮುಳುಗಿ ಎಮ್ಮೆಗಳ ಹಾಗೆ ನಿಂತಿದ್ದವು. ಒಬ್ಬ ಗಿರಾಕಿ ಬಂದು ನೋಡಿ, "ನಾನು ಆಯಿಲ್ ಚೇಂಜ್ ಅಷ್ಟೇ ಏಳಿದ್ದು ಭಾಯ್, ವಾಟರ್ ವಾಶ್ ಏಳಿರ್ಲಿಲ್ಲ" ಎಂದನಂತೆ. ಮೇಡಂ ಇದನ್ನು ನಗುತ್ತಲೇ ಹೇಳುತ್ತಾರೆ. ಆದರೆ ಅಂದಿನಿಂದ ಪಾಠದ ನಡುವೆ ಗುಡುಗಿದರೆ ಕರಿಹಲಗೆಯ ಮೇಲೆ ಅವರ ಕೈ ನಿಂತುಬಿಡುತ್ತದೆ. ಸಮೀಕರಣದ ಎಡಗಡೆ ಬರೆದಾಗಿರುತ್ತದೆ, ಬಲಗಡೆ ಮನೆಗೆ ಫೋನು ಮಾಡಿ ಬಂದ ಮೇಲೆ. ಹವಾಮಾನ ಕೆಟ್ಟಿದೆ ಎಂದರೆ ಅವರ ಮಟ್ಟಿಗೆ ಮಳೆ ಜಾಸ್ತಿಯಾಗಿದೆ ಎಂದು ಅರ್ಥ.

ನಮ್ಮ ಹೆಡ್‌ಮಾಸ್ಟರ ಲೆಕ್ಕ ಇದಕ್ಕೆ ಪೂರ್ತಿ ಉಲ್ಟಾ. ಅವರ ಮನೆಯ ಬೋರ್‌ವೆಲ್ಲು ಒಂದು ಬೇಸಿಗೆಯಲ್ಲಿ ನೀರಿನ ಬದಲು ಬರೀ ಗಾಳಿ ಉಗುಳಿ ಸುಮ್ಮನಾಯಿತು. ಆ ಬೇಸಿಗೆಯ ಬಿಸಿಲನ್ನು ಅವರು ವರ್ಣಿಸುವುದನ್ನು ಕೇಳಿದರೆ ಆಪ್ತರ ಸಾವಿನ ಸುದ್ದಿ ಕೇಳಿದಂತಾಗುತ್ತದೆ. ಹವಾಮಾನ ಕೆಟ್ಟಿದೆ ಎಂದರೆ ಅವರ ಮಟ್ಟಿಗೆ ಮಳೆಯೇ ಇಲ್ಲ ಎಂದು ಅರ್ಥ. ಇವರಿಬ್ಬರೂ ಸ್ಟಾಫ್ ರೂಮಿನಲ್ಲಿ ಎದುರುಬದುರು ಕೂತು ಒಬ್ಬರು ಮಳೆ ಜಾಸ್ತಿ ಎಂದೂ ಇನ್ನೊಬ್ಬರು ಮಳೆ ಇಲ್ಲವೆಂದೂ ವಾದಿಸುವಾಗ ನಾನು ನಡುವೆ ಕೂತು ಟೀ ಕುಡಿಯುತ್ತಿದ್ದೆ. ನನಗೆ ನೆರೆಯೂ ಬಂದಿರಲಿಲ್ಲ, ಬರವೂ ಬಂದಿರಲಿಲ್ಲ. ಆದ್ದರಿಂದ ನಾನು ನಿಷ್ಪಕ್ಷಪಾತಿಯಾಗಿದ್ದೆ. ಏನೂ ಆಗದವನಿಗೆ ಮಾತ್ರ ಒದಗಿಬರುವ ಸ್ಥಾನ ಅದು, ಬಹಳ ಸುಖವಾದದ್ದು. ಆ ಸುಖವನ್ನು ನನ್ನಿಂದ ಕಿತ್ತುಕೊಂಡದ್ದು ಅವರೆಕಾಯಿ.

ಅವರೆಕಾಯಿಯ ಸೊಗಡನ್ನು ಬಲ್ಲವರಿಗೆ ನಾನು ಏನೂ ಹೇಳಬೇಕಾಗಿಲ್ಲ. ಅರಿಯದವರಿಗೆ ಹೇಳಿ ಪ್ರಯೋಜನವಿಲ್ಲ. ಆದರೂ ಮೇಷ್ಟ್ರ ಬಾಯಿ, ಸುಮ್ಮನಿರುವುದಿಲ್ಲ. ಮಾಗಿಯ ಚಳಿಯಲ್ಲಿ ಇಬ್ಬನಿ ಕುಡಿದು ಬೆಳೆದ ನಾಟಿ ಅವರೆಯ ಸಿಪ್ಪೆಯ ಮೇಲೆ ಒಂದು ಬಗೆಯ ಜಿಗುಟು ಎಣ್ಣೆ ಇರುತ್ತದೆ. ಅಂಗೈಯಲ್ಲಿಟ್ಟು ಉಜ್ಜಿದರೆ ಘಾಟಾದ ಒಂದು ವಾಸನೆ ಏಳುತ್ತದೆ. ಅದು ಹೂವಿನ ಪರಿಮಳವಲ್ಲ, ಹಣ್ಣಿನದೂ ಅಲ್ಲ. ಒಮ್ಮೆ ಕೈಗೆ ಹತ್ತಿದರೆ ಸೋಪು ಹಾಕಿದರೂ ಹೋಗದು. ನಮ್ಮೂರು ಮಳವಳ್ಳಿಯಿಂದ ಒಳಗೆ. ರಾಗಿ ಹೊಲದಲ್ಲಿ ನಡುನಡುವೆ ಬಿಟ್ಟ ಅಕ್ಕಡಿ ಸಾಲಿಗೆ ಅವರೆ ಹಾಕುತ್ತಿದ್ದರು. ರಾಗಿ ಕೊಯ್ದ ಮೇಲೆ ಹೊಲದಲ್ಲಿ ಅವರೆಯದೇ ರಾಜ್ಯ. ಬೆಳಗ್ಗೆ ಅವ್ವನ ಹಿಂದೆ ಕಾಯಿ ಬಿಡಿಸಲು ಹೋದರೆ ಮುಂದೆ ಹೋಗುತ್ತಿದ್ದ ಅವ್ವ ಮಂಜಿನಲ್ಲಿ ಕಾಣುತ್ತಿರಲಿಲ್ಲ, ಅವಳ ಕೆಮ್ಮು ಕೇಳಿಕೊಂಡು ನಡೆಯಬೇಕಾಗಿತ್ತು. ಮೊಣಕಾಲಿನವರೆಗೆ ಚಡ್ಡಿ ಒದ್ದೆ. ಬೆರಳು ಮರಗಟ್ಟಿ, ಕಿತ್ತ ಕಾಯಿ ಮಂಕರಿಗೆ ಬಿತ್ತೋ ನೆಲಕ್ಕೆ ಬಿತ್ತೋ ತಿಳಿಯುತ್ತಿರಲಿಲ್ಲ. ಆಗ ನಾನು ಆ ಚಳಿಯನ್ನು ಬೈದಷ್ಟು ಬೇರೆ ಯಾರನ್ನೂ ಬೈದಿಲ್ಲ.

ಆ ಸೊಗಡಿನ ಇನ್ನೊಂದು ಮಹಿಮೆಯೆಂದರೆ ಅದು ಸಾಕ್ಷಿ ಹೇಳುತ್ತಿತ್ತು. ನಮ್ಮ ಪ್ರೈಮರಿ ಶಾಲೆಯ ಮೇಷ್ಟ್ರ ಹೊಲ ಶಾಲೆಯ ದಾರಿಯಲ್ಲೇ ಇತ್ತು. ಅಲ್ಲಿಗೆ ನುಗ್ಗಿ ಕಾಯಿ ಕಿತ್ತು, ರಾಗಿ ಹುಲ್ಲಿನ ಬೆಂಕಿಯಲ್ಲಿ ಸುಟ್ಟು ತಿಂದು ಏನೂ ಅರಿಯದವರಂತೆ ತರಗತಿಗೆ ಬಂದು ಕೂರುತ್ತಿದ್ದೆವು. ಮೇಷ್ಟ್ರು ಹಾಜರಿ ಕೂಗುವ ಮೊದಲು ಸಾಲಾಗಿ ನಿಲ್ಲಿಸಿ ಎಲ್ಲರ ಕೈ ಮೂಸುತ್ತಿದ್ದರು. ಕಳ್ಳರು ಅಲ್ಲೇ ಸಿಕ್ಕಿಬೀಳುತ್ತಿದ್ದರು. ಒಬ್ಬ ಬುದ್ಧಿವಂತ ಸಗಣಿಯಲ್ಲಿ ಕೈ ತೊಳೆದುಕೊಂಡು ಬಂದಿದ್ದ; ಅವನಿಗೆ ಎರಡು ಏಟು ಹೆಚ್ಚಿಗೆ ಬಿತ್ತು. ಈಗ ಮೇಷ್ಟ್ರಾಗಿರುವ ನಾನು ಯಾರ ಕೈ ಮೂಸಿದರೂ ಏನೂ ಗೊತ್ತಾಗದು. ಮೊಬೈಲಿಗೆ ವಾಸನೆಯಿಲ್ಲವಲ್ಲ.

ಈ ಸಲದ ಕಥೆಗೆ ಬರುತ್ತೇನೆ. ಮಗಳು ಚೈತ್ರ ಚೊಚ್ಚಲ ಹೆರಿಗೆಗೆ ಮನೆಗೆ ಬಂದಿದ್ದಾಳೆ. ಅವಳು ಹಾಸನದ ಕಡೆ ಆಸ್ಪತ್ರೆಯೊಂದರಲ್ಲಿ ನರ್ಸು. ನೂರಾರು ಹೆರಿಗೆ ನೋಡಿದವಳು, ತನ್ನದಕ್ಕೆ ಮಾತ್ರ ಅಮ್ಮ ಬೇಕು ಎಂದು ಬಂದಳು. ಬಂದ ಸಂಜೆ ಸೋಫಾದ ಮೇಲೆ ಕಾಲು ಚಾಚಿ ಕೂತು, ಕಣ್ಣು ಮುಚ್ಚಿ, "ಅಪ್ಪ, ಹಿತಕಿದ ಬೇಳೆ ಸಾರು ತಿನ್ಬೇಕು ಅನ್ನಿಸ್ತಿದೆ. ಬಿಸಿ ಮುದ್ದೆ ಜೊತೆ" ಎಂದಳು. ಬಸುರಿ ಹೆಂಗಸು ಕಣ್ಣು ಮುಚ್ಚಿ ಕೇಳಿದ್ದನ್ನು ಇಲ್ಲ ಎನ್ನಬಾರದು. ಬಯಕೆ ತೀರಿಸದಿದ್ದರೆ ಹುಟ್ಟುವ ಮಗುವಿನ ಕಿವಿ ಸೋರುತ್ತದೆ ಎಂದು ಅವ್ವ ಹೇಳುತ್ತಿದ್ದಳು. ನಾನು ಇಂಥದ್ದನ್ನೆಲ್ಲ ನಂಬುವವನಲ್ಲ. ಆದರೆ ಕಿವಿ ಮಗುವಿನದು, ಯಾಕೆ ಬೇಕು ಹೇಳಿ. "ನಾಳೆಯೇ ತರ್ತೀನಿ. ಅಂತಿಂಥದಲ್ಲ, ಸೊಗಡಿರೋ ಅವರೆಕಾಯಿ ತರ್ತೀನಿ" ಎಂದು ಮಾತು ಕೊಟ್ಟೆ. ಆ ಎರಡನೇ ವಾಕ್ಯವನ್ನು ಆಡದೆ ಇದ್ದಿದ್ದರೆ ಈ ಪ್ರಬಂಧ ಇರುತ್ತಿರಲಿಲ್ಲ.

ಮಾರನೆಯ ದಿನ ಪೇಟೆ ಬೀದಿಗೆ ಹೋದೆ. ಗೋಣಿತಟ್ಟಿನ ಮೇಲೆ ಅವರೆಕಾಯಿ ಗುಡ್ಡೆ ಗುಡ್ಡೆಯಾಗಿ ಬಿದ್ದಿತ್ತು. ಒಂದು ಕಾಯಿ ಎತ್ತಿ, ಉಜ್ಜಿ ಮೂಸಿದೆ. ಹಸಿರು ಬಣ್ಣದ ವಾಸನೆ ಬಂತು, ಅಷ್ಟೇ. ಪಕ್ಕದ ಗುಡ್ಡೆಗೆ ಹೋದೆ. ಅಲ್ಲೂ ಅದೇ. ಹೀಗೆ ಬೀದಿಯ ಉದ್ದಕ್ಕೂ ಮೂಸಿಕೊಂಡು ಹೋಗಿ, ಮೂಸಿಕೊಂಡೇ ವಾಪಸು ಬಂದೆ. ಇದು ಕೆಲವು ದಿನ ನಡೆಯಿತು. ನಾವು ಮಾಮೂಲಿಯಾಗಿ ತರಕಾರಿ ಕೊಳ್ಳುವ ಚಿಕ್ಕತಾಯಮ್ಮ ಒಂದು ದಿನ ತಕ್ಕಡಿ ಕೆಳಗಿಟ್ಟು ಕೇಳಿಯೇಬಿಟ್ಟಳು. "ಮೇಷ್ಟ್ರೇ, ನೀವು ಕೊಳ್ಳಕ್ಕೆ ಬತ್ತೀರೋ ಮೂಸಕ್ಕೆ ಬತ್ತೀರೋ? ನೀವು ಮೂಸಿ ಮೂಸಿ, ಇದ್ದ ಒಸಿ ಸೊಗಡೂವೆ ನಿಮ್ಮ ಮೂಗ್ಗೇ ಓಯ್ತು ಬುಡಿ." ಸುತ್ತಲಿದ್ದವರು ನಕ್ಕರು. ನಾನೂ ನಕ್ಕೆ, ನಕ್ಕು, ಒಂದು ಕಟ್ಟು ಮೆಂತ್ಯ ಸೊಪ್ಪು ಕೊಂಡು ಮರ್ಯಾದೆ ಉಳಿಸಿಕೊಂಡೆ.

ಇತ್ತ ಮನೆಯಲ್ಲಿ ಮಗಳು, ಗೇಟಿನ ಸದ್ದಾದ ಕೂಡಲೇ, "ಬಂತಾ ಅಪ್ಪ?" ಎನ್ನುವಳು. ನನ್ನ ಕೈಯಲ್ಲಿ ಮೆಂತ್ಯ ಸೊಪ್ಪು. ಅವಳು ಏನೂ ಅನ್ನದೆ ಟೊಮೆಟೊ ಸಾರಿನಲ್ಲಿ ಅನ್ನ ಕಲಸಿಕೊಳ್ಳುವಳು. ಹೆಂಡತಿ ಸುಮಿತ್ರಾ ಮಾತ್ರ ಸುಮ್ಮನಿರುವವಳಲ್ಲ. ಅವಳು ಕೊತ್ತತ್ತಿಯವಳು. ನಾಲೆ ನೀರು ಕುಡಿದು ಬೆಳೆದವರಿಗೆ ಮಾತು ಸ್ವಲ್ಪ ಧಾರಾಳ. "ರೀ, ಬೀದಿ ತುಂಬ ಅವರೆಕಾಯಿ ಬಿದ್ದಿದೆ, ಬಸುರಿ ಹುಡುಗಿ ಬಾಯಿ ಬಿಟ್ಟುಕೊಂಡು ಕೂತಿದ್ದಾಳೆ. ಒಂದು ಸೇರು ತರೋಕೆ ನಿಮಗೇನು?" ಎಂದಳು. "ಅದು ಅವರೆಕಾಯಿ ಅಲ್ಲ, ಅವರೆಕಾಯಿಯ ಫೋಟೋ. ಸೊಗಡಿಲ್ಲದ್ದರಲ್ಲಿ ಮಾಡಿಕೊಟ್ಟರೆ ಬಯಕೆ ತೀರಿದ ಹಾಗಾಗುತ್ತಾ?" ಎಂದೆ. "ಅವಳು ಸೊಗಡು ಅಂದಳಾ? ಸಾರು ಅಂದಳು" ಎಂದಳು ಸುಮಿತ್ರಾ. ಇದು ಕೇವಲ ಮಾತಿನ ತಕರಾರು ಎಂದು ನಾನು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಸೊಗಡಿನದು ಸಿಗುವುದಿಲ್ಲ ಎಂದು ನಾನೇ ಕೈಚೆಲ್ಲುವವರೆಗೆ ಬೇರೆ ಅವರೆಕಾಯಿ ಮನೆಗೆ ತರಕೂಡದು ಎಂದು ಅಪ್ಪಣೆಯನ್ನೂ ಹೊರಡಿಸಿದೆ. ನಮ್ಮ ಮನೆಯಲ್ಲಿ ನನ್ನ ಅಪ್ಪಣೆಗಳ ಗತಿ ಏನಾಗುತ್ತದೆ ಎಂಬುದು ಮುಂದೆ ಗೊತ್ತಾಗುತ್ತದೆ.

ಸೊಗಡು ಯಾಕಿಲ್ಲ ಎಂಬುದು ನನಗೆ ಗೊತ್ತಿತ್ತು. ಮಾಗಿ ಬಂದು ಕೂತಿದ್ದರೂ ಚಳಿಯ ಸುಳಿವಿರಲಿಲ್ಲ. ಬಂಗಾಳಕೊಲ್ಲಿಯಲ್ಲಿ ಒಂದರ ಹಿಂದೆ ಒಂದು ವಾಯುಭಾರ ಕುಸಿತ. ಅಲ್ಲೆಲ್ಲೋ ಸಮುದ್ರದ ಮೇಲೆ ಚಂಡಮಾರುತ ತಿರುಗಿದರೆ ಇಲ್ಲಿ ಮದ್ದೂರಿನ ಆಕಾಶಕ್ಕೆ ಕಂಬಳಿ ಹೊದಿಸಿದ ಹಾಗೆ ಮೋಡ. ರಾಗಿ ಕಣ ಮಾಡುವ ಕಾಲದಲ್ಲಿ ಆಷಾಢದ ಹಾಗೆ ಜಡಿಮಳೆ. ಮಳೆ ನಿಂತ ದಿನ ಚಳಿ ಬರುವ ಬದಲು ಸೆಖೆ ಬರುತ್ತಿತ್ತು. ಧನುರ್ಮಾಸದ ಬೆಳಗಿನ ಜಾವ ದೇವಸ್ಥಾನಕ್ಕೆ ಹೋದವರು ಸೆರಗಿನಲ್ಲಿ ಗಾಳಿ ಬೀಸಿಕೊಳ್ಳುತ್ತಾ ಬರುತ್ತಿದ್ದರು. ಮೋಡವಿದ್ದರೆ ಇಬ್ಬನಿ ಬೀಳುವುದಿಲ್ಲ ಎಂಬುದನ್ನು ನಾನೇ ವರ್ಷ ವರ್ಷ ಮಕ್ಕಳಿಗೆ ಹೇಳಿಕೊಟ್ಟಿದ್ದೆ. ಅದು ಒಂದು ಅಂಕದ ಪ್ರಶ್ನೆ. ಆ ಒಂದು ಅಂಕ ನನ್ನ ಸಾರಿಗೇ ಕೈ ಹಾಕುತ್ತದೆಂದು ಅಂದುಕೊಂಡಿರಲಿಲ್ಲ.

ಅಲ್ಲಿಂದ ನಾನು ಬೇರೆ ಮನುಷ್ಯನೇ ಆದೆ. ಪಾಠ ಮಾಡುವಾಗ ಧ್ವನಿ ನಡುಗತೊಡಗಿತು. ಸ್ಟಾಫ್ ರೂಮಿನಲ್ಲಿ ಯಾರು ಕೇಳಲಿ ಬಿಡಲಿ, ಕಲ್ಲಿದ್ದಲು, ಸಮುದ್ರದ ಬಿಸಿ, ಮುಂದಿನ ತಲೆಮಾರು ಎಂದೆಲ್ಲ ಭಾಷಣ ಶುರು ಮಾಡಿದೆ. ಹೊಸದಾಗಿ ಮತ ಬದಲಿಸಿದವನ ಉತ್ಸಾಹ ಹುಟ್ಟಾ ಭಕ್ತನಿಗೆ ಎಲ್ಲಿ ಬರಬೇಕು? ಹೆಡ್‌ಮಾಸ್ಟರು ತಲೆಯಾಡಿಸಿ, "ಎಲ್ಲಕ್ಕೂ ಮೂಲ ಅಂತರ್ಜಲ" ಎಂದು ತಮ್ಮ ಬೋರಿನ ಕಡೆಗೆ ತಿರುಗಿಸಲು ನೋಡಿದರು. ನಾನು ಬಿಡಲಿಲ್ಲ. ಒಂದು ದಿನ ಜಬೀನಾ ಮೇಡಂ ಟಿಫಿನ್ ಡಬ್ಬಿ ಮುಚ್ಚಿ ಹೇಳಿದರು. "ಸಾರ್, ಒಂದು ಮಾತು, ಬೇಜಾರ್ ಮಾಡ್ಕೋಬೇಡಿ. ನಮ್ಮ ಮನೆಗೆ ನೀರು ನುಗ್ಗಿದಾಗ ನೀವು ನೋಡೋಕೆ ಬಂದು, ಕೆರೆ ಕೆಳಗೆ ಮನೆ ಮಾಡಿದ್ರೆ ಇನ್ನೇನಾಗುತ್ತೆ ಮೇಡಂ ಅಂದ್ರಿ. ಹೆಡ್‌ಮಾಸ್ಟರ ಬೋರು ಒಣಗಿದಾಗ, ಇನ್ನಷ್ಟು ಆಳ ಕೊರೆಸಬೇಕಿತ್ತು ಅಂದ್ರಿ. ಈಗ ನಿಮ್ಮ ಅವರೆಕಾಯಿಗೆ ಸೊಗಡಿಲ್ಲ ಅಂದಕೂಡಲೇ ಲೋಕವೇ ಮುಳುಗೋಯ್ತಾ?"

ಉತ್ತರ ಹೇಳಲು ಬಾಯಿ ತೆರೆದೆ. ತೆರೆದ ಬಾಯಿಗೆ ಅವರೇ ಒಂದು ಬಿಸ್ಕತ್ತು ಕೊಟ್ಟು ಕಾಪಾಡಿದರು. ಆಮೇಲೆ, "ನಮ್ಮ ಅತ್ತೆನೂ ಅದೇ ಹೇಳ್ತಿರ್ತಾರೆ ಸಾರ್. ಮೊದಲು ಗೋಷ್ತ್‌ಗೆ, ಅದೇ ಮಾಂಸದ ಸಾರಿಗೆ, ಅವರೆಕಾಳು ಹಾಕಿದ್ರೆ ನಾಲ್ಕು ಮನೆಯವರು ಬಂದು ಏನು ಮಾಡಿದ್ದೀರಿ ಅಂತ ಕೇಳ್ತಿದ್ರಂತೆ. ಈಗ ನಾವೇ ಹೋಗಿ ಹೇಳಬೇಕು" ಎಂದರು. ಕಿಟಕಿಯಾಚೆ ಮತ್ತೆ ಹನಿ ಶುರುವಾಗಿತ್ತು. ಅವರು ಫೋನು ತೆಗೆದುಕೊಂಡು ಹೊರಗೆ ಹೋದರು. ಅಂದು ಮೊದಲ ಸಲ ನನಗೆ ಅವರ ಆ ಫೋನು ನಗು ತರಿಸಲಿಲ್ಲ.

ಕೊನೆಗೆ ಭಾನುವಾರ ಬೆಳಗ್ಗೆ ಮಳವಳ್ಳಿ ಬಸ್ಸು ಹತ್ತಿದೆ. ಊರಿನಲ್ಲಿ ಚಿಕ್ಕಪ್ಪನ ಮಗ ಸಿದ್ದೇಗೌಡ ಹೊಲ ಮಾಡಿಕೊಂಡಿದ್ದಾನೆ. ನನಗಿಂತ ಆರು ತಿಂಗಳು ಚಿಕ್ಕವನು. ಹಿಂದೆ ಹೇಳಿದ ಸಗಣಿಯ ಬುದ್ಧಿವಂತ ಅವನೇ. ನಾನು ಹೊರಡುವಾಗ ಸುಮಿತ್ರಾ ಯಾಕೋ ಒಂದು ಮಾತೂ ಆಡದೆ, ಛತ್ರಿಯನ್ನೂ ತಾನೇ ತಂದುಕೊಟ್ಟು, ಬಾಗಿಲಲ್ಲಿ ನಿಂತು ಬೀಳ್ಕೊಟ್ಟಳು. ಇಷ್ಟು ವರ್ಷ ಸಂಸಾರ ಮಾಡಿದವನು ಅಲ್ಲೇ ಅನುಮಾನಪಡಬೇಕಿತ್ತು. ನಡುದಾರಿಯ ದೊಡ್ಡಿ ಊರು ದಾಟುವವರೆಗೂ ಕಿಟಕಿಯಾಚೆ ಕಬ್ಬು, ಆಮೇಲೆ ಬೇಲಿ ಹಾಕಿದ ಸೈಟುಗಳು, ನಡುನಡುವೆ ಹೊಲ. ಮಳವಳ್ಳಿಯಲ್ಲಿ ಇಳಿದ ಕೂಡಲೇ ನನ್ನ ಬಾಯಿಯಿಂದ ಹಕಾರಗಳು ತಾವಾಗಿಯೇ ಉದುರಿಹೋಗುತ್ತವೆ. ಮೇಷ್ಟ್ರುತನವನ್ನು ಬಸ್ಸಿನಲ್ಲೇ ಬಿಟ್ಟು ಆಟೋ ಹತ್ತಿದೆ.

ಸಿದ್ದ ಜಗಲಿಯ ಮೇಲೆ ಕೂತು ಎಲೆಯಡಿಕೆ ಹಾಕುತ್ತಿದ್ದ. ಬಂದ ಕಾರಣ ಕೇಳಿ ಬಿದ್ದು ಬಿದ್ದು ನಕ್ಕ. "ಏನ್ಲಾ, ಅವರೆಕಾಯ್ಗೋಸ್ಕರ ಬಸ್ಸತ್ಕೊಂಡು ಬಂದಿದ್ದೀಯಾ? ಮದ್ದೂರ್ನಾಗೆ ಸಿಗಾಕಿಲ್ವಾ?"

"ಸಿಗ್ತದೆ ಕಣ್ಲಾ, ಸೊಗಡಿಲ್ಲ."

"ಸೊಗಡು ಎಲ್ಲಿಂದ ಬಂದಾತು? ಇಂಗೆ ಮೋಡ ಮುಚ್ಕೊಂಡು ಕುಂತ್ರೆ ಇಬ್ನಿ ಬೀಳದೆಂಗೆ? ಊವೆಲ್ಲ ಉದುರೋಯ್ತು. ಈ ಬಡ್ಡಿಮಗಂದು ಮಳೆ ಬರೋ ಒತ್ತಾ ಇದು? ಅದೂ ಅಲ್ದೆ ಈಗ ನಾವು ಆಕೋದೆಲ್ಲ ಐಬ್ರಿಡ್ ಬೀಜ. ವರ್ಸವೆಲ್ಲ ಕಾಯ್ ಬುಡ್ತದೆ, ನೋಡಕ್ಕೆ ಚೆಂದಾಗದೆ, ಮೂಸಿದ್ರೆ ನೀರು." ಇಷ್ಟು ಹೇಳಿ, ಎಲೆಯಡಿಕೆ ಉಗಿದು, ನನ್ನ ಮುಖ ನೋಡಿದ. ಏನು ಕಂಡಿತೋ, "ಬಾ, ಕೆರೆ ಇಂದ್ಲ ತಗ್ಗಲ್ಲಿ ಅವ್ವನ ಕಾಲದ ಬೀಜ ಒಂದೆರಡು ಸಾಲು ಆಕಿವ್ನಿ, ಮನೆ ಮಟ್ಟಿಗೆ. ಅಲ್ಲೊಸಿ ತಂಪೈತೆ. ಮಳೆ ಬುಟ್ಟ ನಾಕು ದಿನ ಮಂಜೂ ನಿಂತಿತ್ತು. ಸಿಕ್ಕುದ್ರೆ ನಿನ್ನ ಪುಣ್ಯ" ಎಂದ.

ತಗ್ಗಿಗೆ ಇಳಿದೆವು. ಕೆಸರಿನಲ್ಲಿ ಚಪ್ಪಲಿ ಕೈಗೆ ಬಂತು. ಗಿಡಗಳಲ್ಲಿ ಅರ್ಧಕ್ಕರ್ಧ ಕಾಯಿಯೇ ಇಲ್ಲ. ಇದ್ದವೂ ಹುಳ ಕೊರೆದು ಡೊಂಕಾಗಿ, ಪೇಟೆ ಬೀದಿಯಲ್ಲಿಟ್ಟರೆ ಯಾರೂ ತಿರುಗಿ ನೋಡದ ಹಾಗಿದ್ದವು. ಒಂದು ಕಾಯಿ ಕಿತ್ತೆ. ಅಂಗೈಯಲ್ಲಿಟ್ಟು ಉಜ್ಜಿ ಮೂಗಿನ ಹತ್ತಿರ ತಂದೆ.

ಬಂತು. ಏನೆಂದು ಹೇಳಲಿ? ಅವ್ವನ ಕೆಮ್ಮು ಕೇಳಿಸಿತು ಎಂದರೆ ನೀವು ನಗುತ್ತೀರಿ. ಒದ್ದೆ ಚಡ್ಡಿ, ಮರಗಟ್ಟಿದ ಬೆರಳು, ಸಂಜೆ ಒಲೆಯ ಮುಂದೆ ಎಲ್ಲರೂ ಕೂತು ನೆನೆಹಾಕಿದ ಕಾಳು ಹಿತುಕುವಾಗ ಬೆರಳ ಸಂದಿಯಿಂದ ಚಿಮ್ಮಿ ಅಪ್ಪನ ಹಣೆಗೆ ಬಡಿಯುತ್ತಿದ್ದ ಬೇಳೆ, ಎಲ್ಲವೂ ಒಟ್ಟಿಗೆ ಬಂದವು. ಜನ ಹೋದರೆ ಫೋಟೋಕ್ಕೆ ಹಾರ ಹಾಕಿ ನೆನೆಯಬಹುದು. ಚಳಿ ಹೋದರೆ ಯಾವುದಕ್ಕೆ ಹಾರ ಹಾಕುವುದು? ಆ ಚಳಿಯನ್ನು ಬೈದೆನಲ್ಲ, ಈಗ ಅದು ಬಂದರೆ ಕೈ ಹಿಡಿದು ಒಳಗೆ ಕೂರಿಸಿಕೊಳ್ಳುತ್ತಿದ್ದೆ. ನನಗೆ ಅಳು ಬಂತು. ಸಿದ್ದನಿಗೆ ಕಾಣದಿರಲೆಂದು ಬಗ್ಗಿ ಕಾಯಿ ಬಿಡಿಸತೊಡಗಿದೆ. ಅವನು ಇನ್ನೊಂದು ಸಾಲು ಹಿಡಿದ. ಸ್ವಲ್ಪ ಹೊತ್ತಾದ ಮೇಲೆ ತಾನೂ ಕೈ ಮೂಸಿಕೊಂಡು, "ಮೇಷ್ಟ್ರು ಇವತ್ತು ಕೈ ಮೂಸಿದ್ರೆ ಇಬ್ರಿಗೂ ಬೀಳೋದು ಕಣ್ಲಾ" ಎಂದ. ಇಬ್ಬರೂ ಸೇರಿ ಸಾಲನ್ನೆಲ್ಲ ಸೋಸಿದರೂ ಒಂದು ಸಣ್ಣ ಚೀಲದಷ್ಟೇ ಸಿಕ್ಕಿತು. ಎಲ್ಲವನ್ನೂ ನನಗೇ ಕೊಟ್ಟ. "ತಕೊಂಡೋಗು, ಮಗಳು ಬಾಯಿ ಕಟ್ಕೊಂಡು ಕುಂತವ್ಳೆ" ಎಂದ. ಮೊಸರನ್ನ ಬಡಿಸಿ ಬಸ್ಸು ಹತ್ತಿಸಿದ.

ವಾಪಸು ಬರುವಾಗ ಚೀಲವನ್ನು ತೊಡೆಯ ಮೇಲಿಟ್ಟುಕೊಂಡೇ ಕೂತೆ. ಪಕ್ಕದಲ್ಲಿದ್ದವರು ಎರಡು ಸಲ ನೋಡಿ, ಆಮೇಲೆ ಬೇರೆ ಸೀಟಿಗೆ ಹೋದರು. ನನಗೆ ಹೆಮ್ಮೆಯೆನಿಸಿತು. ಮನೆ ಸೇರಿದಾಗ ಮೂರು ಗಂಟೆಯ ಸುಮಾರು. ಗೇಟಿನ ಸದ್ದಾದರೂ "ಬಂತಾ ಅಪ್ಪ?" ಎಂಬ ದನಿ ಕೇಳಲಿಲ್ಲ. ಒಳಗೆ ಹೋಗಿ ನೋಡಿದರೆ ಮಗಳು ಸೋಫಾದ ಮೇಲೆ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಹಬ್ಬದ ಊಟ ಮಾಡಿದ ಪುರೋಹಿತರ ಹಾಗೆ ಒರಗಿದ್ದಳು. ಮುಖದಲ್ಲಿ ಎಂಥ ತೃಪ್ತಿ! "ಅಪ್ಪ, ಅಮ್ಮ ಹಿತಕಿದ ಬೇಳೆ ಸಾರು ಮಾಡಿದ್ಲು. ಎರಡು ಮುದ್ದೆ ತಿಂದೆ. ಮನೆಯೆಲ್ಲ ಹೇಗೆ ಘಮ್ಮಂತಿದೆ ನೋಡು. ಚಿಕ್ಕವಳಿದ್ದಾಗ ಸ್ಕೂಲಿಂದ ಬಂದರೆ ಬಾಗಿಲಲ್ಲೇ ಈ ವಾಸನೆ ಬರ್ತಿತ್ತಲ್ಲ, ಅದೇ" ಎಂದಳು.

ನಾನು ಮೂಗರಳಿಸಿ ಮನೆಯನ್ನೆಲ್ಲ ಎಳೆದುಕೊಂಡೆ. ಒಗ್ಗರಣೆ, ತೆಂಗಿನಕಾಯಿ, ಕೊತ್ತಂಬರಿ. ಸೊಗಡಿನ ಗುರುತೇ ಇರಲಿಲ್ಲ. ಸುಮಿತ್ರಾ ಅಡುಗೆಮನೆಯಿಂದ ಬಂದು, ಶನಿವಾರ ಸಂಜೆ ತಳ್ಳುಗಾಡಿಯವನ ಹತ್ತಿರ ಕಾಯಿ ಕೊಂಡು, ಕಾಳು ನೆನೆಹಾಕಿ, ನನ್ನ ಬಸ್ಸು ಹೊರಟ ಮೇಲೆ ಹಿತುಕಿದ್ದಾಗಿ, ತಪ್ಪೊಪ್ಪಿಗೆಯ ದನಿಯ ಲವಲೇಶವೂ ಇಲ್ಲದೆ ಹೇಳಿದಳು. "ನಿಮಗೂ ಎತ್ತಿಟ್ಟಿದ್ದೀನಿ, ಕೂತ್ಕೊಳ್ಳಿ" ಎಂದಳು. "ಬೇಡ, ಸಿದ್ದನ ಮನೇಲಿ ಆಯ್ತು" ಎಂದೆ. ಮೊಸರನ್ನ ಎಂದೋ ಕರಗಿ ಹೋಗಿತ್ತು. ಆದರೂ ಸೊಗಡಿಲ್ಲದ ಸಾರಿಗೆ ಕೈ ಹಾಕಲು ನನ್ನ ಅಭಿಮಾನ ಒಪ್ಪಲಿಲ್ಲ. ಬದಲಿಗೆ ಚೀಲದ ಬಾಯಿ ಬಿಚ್ಚಿ ಮಗಳ ಮುಂದೆ ಹಿಡಿದೆ. "ಅದೆಲ್ಲ ಇರಲಿ ಮಗಳೇ. ಇದನ್ನ ಮೂಸಿ ನೋಡು. ಇದು ನಿಜವಾದ ಅವರೆಕಾಯಿ."

ಮಗಳು ಪ್ರೀತಿಯಿಂದ ಬಗ್ಗಿ ಮೂಸಿದಳು. ಮುಖ ಕಿವುಚಿದಳು. "ಅಪ್ಪ, ಇದೇನಿದು ವಾಸನೆ? ಕೆಟ್ಟುಹೋಗಿದೆಯಾ? ಔಷಧಿ ಗಿವುಷಧಿ ಹೊಡೆದಿದ್ದಾರಾ?" ಎಂದವಳು, ಮಾತು ಮುಗಿಸುವ ಮುಂಚೆಯೇ ಬಾಯಿಗೆ ಕೈ ಅಡ್ಡ ಹಿಡಿದು ಬಚ್ಚಲಿಗೆ ಓಡಿದಳು. ಓಡಬಾರದ ತಿಂಗಳಲ್ಲಿ ಓಡಿದಳು. ಸುಮಿತ್ರಾ ಅವಳ ಹಿಂದೆ ಓಡುತ್ತಾ ನನ್ನ ಕಡೆ ನೋಡಿದ ನೋಟವನ್ನು ಇಲ್ಲಿ ವಿವರಿಸುವುದಿಲ್ಲ. ಮಗಳು ಮುಖ ತೊಳೆದು ಬಂದು, ಮೂಗಿಗೆ ಸೆರಗು ಹಿಡಿದುಕೊಂಡೇ, "ಬೇಜಾರ್ ಮಾಡ್ಕೋಬೇಡಪ್ಪ, ಪಾಪ ಅಷ್ಟು ದೂರದಿಂದ ತಂದಿದ್ದೀಯ. ಅದನ್ನ ಸ್ವಲ್ಪ ಹೊರಗಿಡ್ತೀಯಾ?" ಎಂದಳು. ನನಗೆ ಬೇಜಾರಾಯಿತು. ಸುಳ್ಳು ಯಾಕೆ ಹೇಳಲಿ? ಬಹಳ ಬೇಜಾರಾಯಿತು.

ಚೀಲದ ಜೊತೆ ನಾನೂ ಹಿತ್ತಲಿಗೆ ಹೋಗಿ ಕಲ್ಲಿನ ಮೇಲೆ ಕೂತೆ. ಒಳಗೆ ಮಗಳು ಮಲಗಿದ ಮೇಲೆ ಸುಮಿತ್ರಾ ಒಂದು ಮೊರ ತಂದು ಎದುರಿಗೆ ಕೂತು, ಕಾಯಿ ಸುಲಿಯತೊಡಗಿದಳು. ಒಂದಷ್ಟು ಸುಲಿದ ಮೇಲೆ ಕೈ ನಿಲ್ಲಿಸಿ ಅಂಗೈಯನ್ನು ಮೂಗಿಗೆ ಹಿಡಿದುಕೊಂಡಳು. ಬಹಳ ಹೊತ್ತು ಹಾಗೆಯೇ ಇದ್ದಳು. "ನಮ್ಮವ್ವ ಗದ್ದೆ ಬದುವಿನ ಮೇಲೆ ಹಾಕ್ತಿದ್ಲು. ಅವಳ ಸೆರಗು ಹೀಗೇ ಇರ್ತಿತ್ತು" ಎಂದಳು. ಇಬ್ಬರೂ ಸುಲಿದೆವು. ಮೋಡದ ಸಂಜೆ, ಬೆನ್ನಿನಲ್ಲಿ ಬೆವರು. ಆ ಕಾಳಿನ ಸಾರನ್ನು ಮಗಳ ಮೂಗಿಗೆ ತಾಗದ ಹಾಗೆ ಯಾವಾಗ ಮಾಡುವುದು, ಎಲ್ಲಿ ಕೂತು ಉಣ್ಣುವುದು ಎಂದು ಕಳ್ಳರ ಹಾಗೆ ಮಾತಾಡಿಕೊಂಡೆವು.

ಸುಲಿಯುತ್ತಾ ಕೂತಿದ್ದಾಗ ಒಂದು ಯೋಚನೆ ಬಂತು. ಮಗಳು ಕಣ್ಣು ಮುಚ್ಚಿ ಬಯಸಿದ್ದು ನಾನು ಅವರೆಕಾಯಿಯ ಫೋಟೋ ಎಂದು ಹಳಿದದ್ದನ್ನೇ. ಅವಳ ಬಾಲ್ಯದ ಸೊಗಡು ಅದೇ. ಅವಳಿಗೆ ಅದಕ್ಕಿಂತ ಹಿಂದಿನದು ಏನೂ ಇಲ್ಲ. ನಾಳೆ ಅದೂ ಸಿಗದ ಕಾಲ ಬರಬಹುದು. ಆಗ ಇವಳು ತನ್ನ ಮಗಳ ಬಯಕೆಗೆಂದು, ನಿಜವಾದ ತಳ್ಳುಗಾಡಿ ಅವರೆಕಾಯಿ ಎಲ್ಲಿ ಸಿಗುತ್ತದೆಂದು ಊರೂರು ಅಲೆದು, ಒಂದು ಹಿಡಿ ತಂದು, ಮೂಸು ಮಗಳೇ ಎಂದು ಹಿಡಿಯಬಹುದು. ಆ ಹುಡುಗಿ ಮೂಗು ಮುಚ್ಚಿಕೊಳ್ಳಬಹುದು. ಅಲೆಯಲು ಹೊರಟಾಗ, ಬದುಕಿದ್ದರೆ, ನನ್ನನ್ನೂ ಜೊತೆಗೆ ಬಾ ಅಪ್ಪ ಎಂದು ಕರೆದಾಳು. ಹೋಗಲು ನನ್ನದೇನೂ ಅಡ್ಡಿಯಿಲ್ಲ. ಆದರೆ ಇದೇ, ಇದಲ್ಲ ಎಂದು ಕಾಯಿ ಆರಿಸಿಕೊಡಲು ನನ್ನಿಂದಾಗುವುದಿಲ್ಲ. ಅದರ ರುಚಿ ಹೇಗಿತ್ತೆಂದು ನಾನು ಗಮನಿಸಿಯೇ ಇಲ್ಲ. ಇಷ್ಟು ವರ್ಷ ಅದನ್ನು ಉಂಡದ್ದೆಲ್ಲ ಇನ್ನೊಂದನ್ನು ನೆನೆಯುತ್ತಾ.

ಮೊರ ಕೆಳಗಿಟ್ಟು ಎದ್ದೆ. "ಎಲ್ಲಿಗೆ?" ಎಂದಳು ಸುಮಿತ್ರಾ. "ಆ ಸಾರು ಒಂದು ತುತ್ತು ನೋಡೋಣ ಅಂತ" ಎಂದೆ. ಅವಳು ತಲೆಯೆತ್ತದೆ, "ನೀವು ಬೇಡ ಅಂದ್ರಲ್ಲ, ನಿಮ್ಮ ಮಗಳು ಮಲಗೋ ಮೊದಲು ಅದನ್ನೂ ತಿಂದ್ಲು" ಎಂದಳು. ಆದರೂ ಒಳಗೆ ಹೋದೆ. ಪಾತ್ರೆಯನ್ನು ತೊಳೆದು ಬೋರಲು ಹಾಕಿತ್ತು.